ಕತ್ತಲಲ್ಲಿ ಒಂದು ಒಳಲೆ ಹಾಲು

ನಂಜನಗೂಡಿನ ಆಸ್ಪತ್ರೆಯೊಂದರಲ್ಲಿ, ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡಿನಲ್ಲಿ ನಾನು ನರ್ಸ್. ಅವತ್ತು ಮಧ್ಯಾಹ್ನ ಲೈಟು ಆರಿಸಿ, ಪರದೆ ಎಳೆದು, ಒಂದು ಕೂಸಿಗೆ ಒಳಲೆಯ ಪುಟ್ಟ ಮೂತಿಯಿಂದ ಹಾಲು ಕುಡಿಸುತ್ತಿದ್ದೆ. ನಾಲ್ಕು ದಿನದಿಂದ ಅದು ಸರಿಯಾಗಿ ನುಂಗುತ್ತಿರಲಿಲ್ಲ. ಬನ್ನೂರು ಕಡೆ ಗದ್ದೆ ಕೆಲಸಕ್ಕೆ ಹೋಗುವ ಅದರ ಅಪ್ಪ ಒಳಗೆ ಬಂದವನೇ, "ಬಡವ್ರ ಮಗ ಅಂತ ಕತ್ಲೇಲಿ ಮಡಗಿದ್ದೀರಾ ಸಿಸ್ಟರೇ?" ಎಂದು ಸ್ವಿಚ್ ಒತ್ತೇಬಿಟ್ಟ.

ಬೆಳಕು ಬಿದ್ದದ್ದೇ ತಡ, ಕೂಸು ಕಣ್ಣು ಬಿಗಿದುಕೊಂಡು ತುಟಿ ಮುಚ್ಚಿತು. ಹಾಲೆಲ್ಲ ಕೆನ್ನೆ ಮೇಲೆ ಹರಿಯಿತು.

ನನಗೆ ಸಿಟ್ಟು ನೆತ್ತಿಗೇರಿತ್ತು. "ಮೊದ್ಲು ಆರಿಸಿ. ಬಂದು ಇಲ್ಲಿ ನಿಂತು ನೋಡಿ," ಎಂದೆ.

ಆರಿಸಿದ. ಒಳಲೆಯನ್ನು ಮತ್ತೆ ಕೂಸಿನ ತುಟಿಗೆ ಹಿಡಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಪುಟ್ಟ ಗಂಟಲು ಒಮ್ಮೆ ಅಲುಗಿತು. ಮತ್ತೊಮ್ಮೆ ಅಲುಗಿತು. ಅವನು ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

ಮರುವಾರ ಅದೇ ಕೂಸಿಗೆ ಹಾಲು ಕುಡಿಸುತ್ತಿದ್ದಾಗ, ತಪಾಸಣೆಗೆ ಬಂದ ಸಾಹೇಬರೊಬ್ಬರು ಎಲ್ಲ ಲೈಟು ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಕೂಗು ಬಂತು: "ಆರ್ಸಿ ಸಾ! ನನ್ ಮಗ ಆಲು ಕುಡೀತಾ ಅದೆ!"

ಸಾಹೇಬರು ಬೆಚ್ಚಿ, ತಾವೇ ಆರಿಸಿದರು.

ಅಲ್ಲಿ ಕೂಗಲೂಬಾರದು ಎಂದು ಅವನಿಗೆ ಹೇಳಬೇಕಿತ್ತು. ಅವತ್ತು ಮಾತ್ರ ನಾನು ಹೇಳಲಿಲ್ಲ.