ಹೂವಿನ ಬುಟ್ಟಿಗೆ ನಾನು ಹಾಕಿಸಿದ ಸ್ಕ್ಯಾನರ್

ಫೋನಿನಲ್ಲಿ ದುಡ್ಡು ಕೊಡುವುದನ್ನು ನಾನು ಕಲಿತದ್ದು ಅನುಕೂಲಕ್ಕಲ್ಲ, ಮಾನಕ್ಕೆ ಅಂಜಿ. ಗುಬ್ಬಿಯಿಂದ ತುಮಕೂರಿನ ಆಫೀಸಿಗೆ ದಿನಾ ಓಡಾಡುವವಳು ನಾನು. ಕ್ಯಾಂಟೀನಿನಲ್ಲಿ ಚಿಲ್ಲರೆಗಾಗಿ ಪರ್ಸ್ ತಡಕುತ್ತ ನಿಂತರೆ ಹಿಂದಿನ ಸಾಲು ಗೊಣಗುತ್ತಿತ್ತು. ನನಗಿಂತ ಕಿರಿಯಳೊಬ್ಬಳು "ಬಿಡಿ ಮೇಡಂ, ನಾನೇ ಕೊಡ್ತೀನಿ" ಅಂದ ದಿನ ಕಿವಿ ಬಿಸಿಯಾಯಿತು. ಅವತ್ತೇ ಕಲಿತೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನೂ ಕಂಡಕಂಡವರಿಗೆಲ್ಲ ಪಾಠ ಹೇಳತೊಡಗಿದೆ.

ಗುಬ್ಬಿ ಬಸ್ ನಿಲ್ದಾಣದ ಪಕ್ಕ ಹೂ ಮಾರುತ್ತಿದ್ದ ಹೆಂಗಸಿನ ಹತ್ತಿರ ದಿನಾ ಒಂದು ಮೊಳ ಕಾಕಡ ಕೊಳ್ಳುತ್ತಿದ್ದೆ. ಬೆಳಗಿನ ಮೊದಲ ವ್ಯಾಪಾರ ಬಹುಪಾಲು ನನ್ನದೇ. ಬೋಣಿಯ ನೋಟನ್ನು ಕಣ್ಣಿಗೊತ್ತಿ ಸೊಂಟದ ಚೀಲಕ್ಕೆ ಸೇರಿಸಿ, ಅಳೆದದ್ದರ ಮೇಲೆ ನಾಲ್ಕು ಬೆರಳು ಕೊಸರು ಕೊಡುವಳು.

"ಅಕ್ಕ, ನೀವೂ ಸ್ಕ್ಯಾನರ್ ಇಟ್ಕೊಳ್ಳಿ. ಇನ್ಮೇಲೆ ಯಾರೂ ಕಾಸು ತರಲ್ಲ," ಅಂದೆ.

"ನನ್ತಾವ ಇರೋದು ಡಬ್ಬಾ ಫೋನು ಕಣವ್ವ."

"ಮಗನ ನಂಬರ್ ಹಾಕ್ಸಿದ್ರಾಯ್ತು."

ಆಕೆ ಹೂ ಕಟ್ಟುವುದನ್ನು ನಿಲ್ಲಿಸಿದಳು. "ಅವ್ನ್ ಕೈಗೆ ಹೋದ್ರೆ ನಂಗ್ ಬರಕಿಲ್ಲ ಕಣವ್ವ."

"ಹೆತ್ತ ಮಗನ್ನೇ ನಂಬದಿದ್ರೆ ಹೆಂಗಕ್ಕ?" ಎಂದು ನಕ್ಕೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಗನನ್ನು ಕರೆಸಿ ಒಪ್ಪಿಸಿದವಳೂ ನಾನೇ. ವಾರದೊಳಗೆ ಬುಟ್ಟಿಗೆ ಸ್ಕ್ಯಾನರ್ ಬಂತು, ದುಡ್ಡು ಬಿದ್ದಾಗ ಕೂಗಿ ಹೇಳುವ ಪುಟ್ಟ ಡಬ್ಬಿಯೂ ಬಂತು. ಮೊದಲ ದಿನ ಇಪ್ಪತ್ತು ರೂಪಾಯಿ ಹಾಕಿದೆ, ಡಬ್ಬಿ ಕೂಗಿತು. ಬೋಣಿಗೆ ಏನನ್ನು ಕಣ್ಣಿಗೊತ್ತಬೇಕೋ ತಿಳಿಯದೆ ಆಕೆ ಆ ಡಬ್ಬಿಯನ್ನೇ ಎತ್ತಿ ಒತ್ತಿಕೊಂಡಳು. ಸುತ್ತಲಿದ್ದವರೆಲ್ಲ ನಕ್ಕೆವು, ಆಕೆಯೂ ನಕ್ಕಳು.

ಆಮೇಲೆ ಗಿರಾಕಿಗಳೆಲ್ಲ ಫೋನೇ ಹಿಡಿದರು. ಡಬ್ಬಿ ಕೂಗುತ್ತಲೇ ಇತ್ತು, ಸೊಂಟದ ಚೀಲ ಬರಿದಾಯಿತು. ಮುಂಜಾನೆ ಬಿಡಿ ಹೂ ತರಲು ಕಾಸು ಬೇಕಲ್ಲ, ಅದಕ್ಕೂ ಮಗನ ಮುಂದೆ ಕೈಯೊಡ್ಡಬೇಕು. ಅವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಬುಟ್ಟಿಯಲ್ಲಿ ಹೂ ಕಮ್ಮಿಯಾಗುತ್ತಿರುವುದೇನೋ ಕಾಣುತ್ತಿತ್ತು. ಕೇಳಿದರೆ "ಹೂವಿನ್ ರೇಟ್ ಜಾಸ್ತಿ ಕಣವ್ವ" ಅನ್ನುವಳು. ನಂಬಿದೆ. ಬಸ್ಸಿಗೆ ಹೊತ್ತಾಗುತ್ತಿತ್ತು.

ಒಂದು ದಿನ ಆ ಜಾಗ ಖಾಲಿಯಿತ್ತು. ಪಕ್ಕದ ಹಣ್ಣಿನಂಗಡಿಯವನು ನಡೆದದ್ದನ್ನೆಲ್ಲ ಹೇಳಿ, "ಮಗನ್ ಜೊತೆ ಜಗಳ ಆಡ್ಕೊಂಡು ಕುಣಿಗಲ್ಲಲ್ಲಿರೋ ತಂಗಿ ಮನೆಗೆ ಹೋದ್ರು ಮೇಡಂ," ಅಂದ.

ಮೊನ್ನೆ ನೆಂಟರ ಮದುವೆಗೆ ಕುಣಿಗಲ್ಲಿಗೆ ಹೋಗಿದ್ದೆ. ಊಟ ಮುಗಿಸಿ ಛತ್ರದ ಹಿಂದೆ ಕೈ ತೊಳೆಯಲು ಹೋದರೆ, ಎಂಜಲು ತಟ್ಟೆಗಳ ರಾಶಿಯ ನಡುವೆ ಆಕೆ ಕುಕ್ಕರುಗಾಲಿನಲ್ಲಿ ಕೂತು ಕೊಳದಪ್ಪಲೆ ಉಜ್ಜುತ್ತಿದ್ದಳು. ಹತ್ತಿರ ಹೋದೆ.

"ನನ್ನಿಂದ ಹಿಂಗಾಯ್ತಕ್ಕ," ಅಂದೆ.

ಆಕೆ ತಲೆಯೆತ್ತಿ ನನ್ನನ್ನು ಗುರುತಿಸಿದಳು.

"ಬುಡವ್ವ, ನೀನೇನ್ ಮಾಡೀಯೆ. ಇಲ್ಲಿ ಕೂಲೀನ ನನ್ ಕೈಗೇ ಕೊಡ್ತಾರೆ."