ಪಿನ್ನು ಚುಚ್ಚಬೇಕಾಗಿದ್ದ ಕೈ

ಪುಸ್ತಕದಂಗಡಿಯ ನೆಡ್ರಾ ಸ್ಟಿಲ್ಟ್ನರ್ ತೀರಿಕೊಂಡು, ಅವಳನ್ನು ಮಣ್ಣು ಮಾಡಿದ ದಿನ ಚರ್ಚಿನಲ್ಲಿ ಪಾದ್ರಿ ಅವಳ ಬಗ್ಗೆ ಒಳ್ಳೆಯ ಮಾತೇ ಆಡಿದರು. ಆದರೆ ಅವು ಯಾರ ಬಗ್ಗೆ ಬೇಕಾದರೂ ಆಡಬಹುದಾದ ಮಾತುಗಳು. ನಾನು ಕಂಡ ನೆಡ್ರಾ ಅದರಲ್ಲಿ ಇರಲಿಲ್ಲ. ಹಾಗಾಗಿ ನನಗೆ ಬಂದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ನದಿಗೂ ಗುಡ್ಡಕ್ಕೂ ನಡುವೆ ಸಿಕ್ಕಷ್ಟು ಜಾಗದಲ್ಲಿ ಕಟ್ಟಿದ ಕಾಲೇಜು. ಎರಡು ವರ್ಷ ಓದಿ, ಏನಾದರೊಂದು ಕೆಲಸ ಕಲಿತು ಹೊರಡುವವರು ಬರುತ್ತಾರೆ. ಗಣಿ ಮುಚ್ಚಿದ ಮೇಲೆ ಬೆಸುಗೆ ಕಲಿಯಲು ಬಂದ ಗಂಡಸರು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ನರ್ಸಿಂಗ್ ಕಲಿಯಲು ಬಂದ ಹೆಂಗಸರು. ಅಲ್ಲಿನ ಊಟದ ಮನೆಯಲ್ಲಿ ಬೀನ್ಸ್ ಬೇಯಿಸುವುದು, ಮೆಕ್ಕೆಜೋಳದ ಬ್ರೆಡ್ಡು ಸುಡುವುದು ನನ್ನ ಕೆಲಸವಾಗಿತ್ತು. ನನ್ನ ಬಡಿಸುವ ಕಿಟಕಿಗೆ ನೇರ ಎದುರು ನೆಡ್ರಾಳ ಅಂಗಡಿ. ನಡುವೆ ಒಂದು ಹಜಾರ, ಅಷ್ಟೆ.

ಹೆಸರಿಗೆ ಪುಸ್ತಕದಂಗಡಿ, ಒಳಗೆ ಪುಸ್ತಕ ಅರ್ಧವೇ. ಬೆನ್ನಿಗೆ ಹಳದಿ ಚೀಟಿ ಅಂಟಿಸಿಕೊಂಡ ಹಳೆಯ ಪುಸ್ತಕಗಳು, ಬಾಡಿಗೆಗೆ ಹೋಗಿ ಬೇಸಿಗೆಗೆ ಮರಳುವ ಪುಸ್ತಕಗಳು ಒಂದು ಕಡೆ. ಇನ್ನೊಂದು ಕಡೆ ಎರವಲು ಕೊಡುವ ಲೆಕ್ಕದ ಯಂತ್ರ, ಬೆಸುಗೆಯವರ ಕಪ್ಪು ಕನ್ನಡಕ, ನರ್ಸಿಂಗಿನವರ ನೀಲಿ ಅಂಗಿ, ಛತ್ರಿ, ತಲೆನೋವಿನ ಮಾತ್ರೆ, ಬಿಸಿನೀರು ಹಾಕಿದರೆ ಬೇಯುವ ನೂಡಲ್ಸು. ಎಲ್ಲದರ ಹಿಂದೆ, ಹೊರಗಿನವರಿಗೆ ಕಾಣದ ಹಾಗೆ, ಒಂದು ಮೆತ್ತನೆಯ ಕುರ್ಚಿ. ಅದು ಮಾರಾಟಕ್ಕಲ್ಲ. ಅಳಬೇಕೆನಿಸಿದವರಿಗೆ ಮತ್ತು ರಾತ್ರಿಪಾಳಿ ಮುಗಿಸಿ ನೇರ ತರಗತಿಗೆ ಬಂದವರಿಗೆ.

ಕೊಳ್ಳಲು ಬಂದವರನ್ನೇ ಅವಳು ಬೈದು ಕಳಿಸುತ್ತಿದ್ದಳು. ಒಮ್ಮೆ ಗಣಿಯಲ್ಲಿ ಬೆನ್ನು ಸವೆಸಿದ ದೊಡ್ಡಾಳೊಬ್ಬ ಹೊಸ ಪುಸ್ತಕಗಳನ್ನು ಎದೆಯವರೆಗೆ ಪೇರಿಸಿಕೊಂಡು ಬಂದು ನಿಂತ.

"ಇಡು ಕೆಳಗೆ," ಎಂದಳು ನೆಡ್ರಾ. "ಮದುವೆಗೆ ಬಟ್ಟೆ ತಗೊಳ್ಳೋಕೆ ಬಂದಿದ್ದೀಯಾ? ಮೊದಲನೇ ವಾರ ಸುಮ್ನೆ ಹೋಗಿ ಕೂತ್ಕೊ. ಮೇಷ್ಟ್ರು ಯಾವ ಪುಸ್ತಕ ತೆಗೀತಾರೋ ಅದನ್ನ ಬಂದು ತಗೊ. ಹಳೇದೇ ತಗೊ."

"ಹಳೇದ್ರಲ್ಲಿ ಯಾರೋ ಗೀಚಿರ್ತಾರಲ್ಲ ಅಕ್ಕಾ."

"ಗೀಚಿದ್ರೆ ಒಳ್ಳೇದೇ ಆಯ್ತಲ್ಲಪ್ಪ. ನಿನಗಿಂತ ಮುಂಚೆ ಒಬ್ಬ ಒದ್ದಾಡಿದಾನೆ ಅಂತ ಗೊತ್ತಾಗತ್ತೆ."

ನದಿಯಾಚೆ ಕಲ್ಲಿದ್ದಲಿನ ರೈಲು ಹೋಗುವಾಗ ಅವಳ ಮೇಜಿನ ಡಬ್ಬಿಯಲ್ಲಿ ಪೆನ್ನುಗಳು ಗಲಗಲ ಎನ್ನುತ್ತಿದ್ದವು. ಒಂದು ದಿನ ಕಾಫಿ ಕುಡಿಯುತ್ತಿದ್ದಾಗ ಅವಳ ಕೈಯ ಬಟ್ಟಲು ತಟ್ಟೆಗೆ ತಾಗಿ ಅದೇ ಥರ ಸದ್ದು ಮಾಡಿತು.

"ರೈಲು ಕಣೇ," ಎಂದಳು.

ರೈಲು ಹೋಗಿರಲಿಲ್ಲ. ಆಮೇಲಿಂದ ಅವಳು ಬಲಗೈಯನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಳ್ಳತೊಡಗಿದಳು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ. ಕೈ ನಡುಗುವವಳು ಅಂಗಡಿಗೆ ಬೇಡ ಎಂದುಬಿಟ್ಟರೆ ಹಗಲು ಹೇಗೆ ಕಳೆಯಬೇಕು ಎಂಬ ಭಯ ಅವಳಿಗಿತ್ತು ಎಂದು ನನ್ನ ಲೆಕ್ಕ.

ಟ್ರೆಸಾ ಬಂದದ್ದು ಆ ಹೊತ್ತಿಗೆ. ಗುಡ್ಡದ ಮೇಲಿನ ಹಟ್ಟಿಯಿಂದ ಬರುತ್ತಿದ್ದ ತೆಳ್ಳನೆಯ ಹುಡುಗಿ, ಬೆಳೆದದ್ದು ತಾತನ ಹತ್ತಿರ. ತಾಯಿ ರೋನೆಟ್, ಮಗಳಿಗೆ ಹಲ್ಲು ಬೀಳುವ ವಯಸ್ಸಿನಲ್ಲೇ ಸಮುದ್ರದ ಕಡೆ ಹೋಗಿ, ಅಲ್ಲಿನ ಹೋಟೆಲುಗಳಲ್ಲಿ ಹಾಸಿಗೆ ಬದಲಿಸುವ ಕೆಲಸಕ್ಕೆ ನಿಂತಳು. ಕ್ರಿಸ್‌ಮಸ್‌ಗೆ ಫೋನು, ಹುಟ್ಟುಹಬ್ಬಕ್ಕೆ ಫೋನು. ಬರುತ್ತೇನೆ ಎಂದು ಹೇಳಿ ಬಂದದ್ದು ಕಡಿಮೆ. ಟ್ರೆಸಾ ನರ್ಸಿಂಗಿಗೆ ಸೇರಿದ ಮೊದಲ ಚಳಿಗಾಲವೇ ತಾತ ಹೋದರು. ಮಣ್ಣು ಮಾಡಿದ ಮಾರನೆಯ ದಿನ ಹುಡುಗಿ ಬಾಡಿಗೆ ಪುಸ್ತಕಗಳನ್ನೆಲ್ಲ ಹೊತ್ತು ತಂದು ನೆಡ್ರಾಳ ಮೇಜಿನ ಮೇಲಿಟ್ಟಳು.

"ವಾಪಸ್ ತಗೊಳ್ಳಿ. ನಾನು ಬಿಟ್ಟೆ."

"ಈಗ ತಗೊಳ್ಳಕ್ಕೆ ಆಗಲ್ಲ, ಕಪಾಟು ತುಂಬಿದೆ," ಎಂದಳು ನೆಡ್ರಾ. ಕಪಾಟು ಖಾಲಿ ಇತ್ತು. ನನ್ನ ಕಿಟಕಿಯಿಂದಲೇ ಅದು ಕಾಣುತ್ತಿತ್ತು. "ಬೇಸಿಗೇಲಿ ತಾ. ಅಲ್ಲೀವರೆಗೆ ಆ ಕುರ್ಚಿ ಮೇಲೆ ಕೂತು ಓದ್ತಿರು. ಓಪಲ್, ಈ ಹುಡುಗೀಗೆ ಒಂದು ಬಟ್ಟಲು ಬೀನ್ಸ್ ಕೊಡು."

ಓಪಲ್ ಎಂದರೆ ನಾನು.

ಹುಡುಗಿ ಕೂತಳು. ಒಂದೂವರೆ ವರ್ಷ ಅಲ್ಲೇ ಕೂತಳು. ಎಲುಬುಗಳ ಹೆಸರನ್ನು ಬಾಯಿಪಾಠ ಮಾಡಿ ನೆಡ್ರಾಳಿಗೆ ಒಪ್ಪಿಸುತ್ತಿದ್ದಳು. ನೆಡ್ರಾ ಕಣ್ಣು ಮುಚ್ಚಿ ಕೇಳಿ, "ಸರಿಯೋ ತಪ್ಪೋ ನನಗೇನು ಗೊತ್ತು, ಆದ್ರೆ ಧೈರ್ಯವಾಗಿ ಹೇಳಿದೆ," ಎನ್ನುತ್ತಿದ್ದಳು.

ನಮ್ಮಲ್ಲಿ ನರ್ಸಿಂಗ್ ಮುಗಿಸಿದವರಿಗೆ ಪದವಿಯ ಗೌನು ಹಾಕುವ ದಿನಕ್ಕಿಂತ ಪಿನ್ನಿನ ಸಂಜೆಯೇ ದೊಡ್ಡದು. ಗುಂಡಿಯಷ್ಟು ಅಗಲದ, ಕಾಲೇಜಿನ ಗುರುತಿರುವ ಚಿನ್ನದ ಬಣ್ಣದ ಪಿನ್ನು. ಅದನ್ನು ತರಿಸಿಕೊಡುವುದು ಪುಸ್ತಕದಂಗಡಿ. ಆದರೆ ಎದೆಗೆ ಚುಚ್ಚುವವರು ಮೇಷ್ಟ್ರಲ್ಲ. ತನ್ನನ್ನು ಅಲ್ಲಿಯವರೆಗೆ ತಂದವರು ಯಾರೋ ಅವರನ್ನು ವಿದ್ಯಾರ್ಥಿಯೇ ಆರಿಸಿ ವೇದಿಕೆಗೆ ಕರೆಯಬೇಕು. ಅಮ್ಮ, ಗಂಡ, ಕೆಲವೊಮ್ಮೆ ಮಗು. ಪಿನ್ನುಗಳನ್ನು ಒಂದೊಂದಾಗಿ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕುತ್ತ ಬಂದಿದ್ದ ನೆಡ್ರಾಳನ್ನು ಅಷ್ಟು ವರ್ಷಗಳಲ್ಲಿ ಯಾರೂ ಕರೆದಿರಲಿಲ್ಲ. ಕರೆಯುವ ಕಾರಣವೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಟ್ರೆಸಾ ನೂಡಲ್ಸ್ ತಿನ್ನುತ್ತ, ತಲೆ ಎತ್ತದೆ ಹೇಳಿದಳು: "ಪಿನ್ನು ನೀವೇ ಹಾಕ್ಬೇಕು."

"ಯಾರು, ನಾನಾ? ನಾನು ಪಿನ್ನು ಮಾರೋಳು ಕಣೇ."

"ಮಾರೋರು ಹಾಕ್ಬಾರ್ದು ಅಂತ ಎಲ್ಲಾದ್ರೂ ಬರೆದಿದ್ಯಾ?"

ಹುಡುಗಿ ಹೋದ ಮೇಲೆ ನೆಡ್ರಾ ಹಜಾರ ದಾಟಿ ನನ್ನ ಕಿಟಕಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು. ಜೇಬಿನಿಂದ ಬಲಗೈ ತೆಗೆದು ಕಟ್ಟೆಯ ಮೇಲಿಟ್ಟಳು. ಅದು ಒದ್ದೆ ಮರಿಹಕ್ಕಿಯ ಹಾಗೆ ನಡುಗುತ್ತಿತ್ತು.

"ಎಲ್ಲರೆದುರಿಗೆ ಹುಡುಗಿ ಎದೆಗೆ ಚುಚ್ಚಿಬಿಟ್ರೆ ಏನು ಗತಿ ಓಪಲ್?"

"ಡೋರಿಸ್‌ಗೆ ಚುಚ್ಚಿ ಕಲಿ. ಅವಳಿಗೇನು, ರಕ್ತವಿಲ್ಲ, ನೋವಿಲ್ಲ."

ಡೋರಿಸ್ ಎಂದರೆ ಅಂಗಡಿಯಲ್ಲಿ ನೀಲಿ ಅಂಗಿ ತೊಡಿಸಿ ನಿಲ್ಲಿಸಿದ್ದ ತಲೆಯಿಲ್ಲದ ಬೊಂಬೆ. ಅಂದಿನಿಂದ ಮಧ್ಯಾಹ್ನದ ಗದ್ದಲ ಇಳಿದ ಮೇಲೆ ನೆಡ್ರಾ ಬೊಂಬೆಯ ಮುಂದೆ ನಿಲ್ಲುತ್ತಿದ್ದಳು. ಮೊದಮೊದಲು ಪಿನ್ನು ಬಿದ್ದು ಕಪಾಟಿನ ಅಡಿಗೆ ಉರುಳುತ್ತಿತ್ತು, ಅವಳು ಮೊಣಕಾಲೂರಿ ಹುಡುಕುತ್ತಿದ್ದಳು. ಆಮೇಲೆ ಒಂದು ಉಪಾಯ ಕಂಡುಕೊಂಡಳು. ಎಡಗೈಯನ್ನು ಅಂಗಿಯ ಒಳಗೆ ತೂರಿಸಿ ಬಟ್ಟೆಯನ್ನು ಬಿಗಿಹಿಡಿದು, ಬಲಗೈಯ ಮಣಿಕಟ್ಟನ್ನು ಬೊಂಬೆಯ ಹೆಗಲ ಮೂಳೆಗೆ ಆನಿಸಿ, ಉಸಿರು ಬಿಡುವಾಗ ಚುಚ್ಚುವುದು. ಆನಿಸಿದ ಕೈ ನಡುಗುತ್ತಿರಲಿಲ್ಲ. ಮೇ ಬರುವ ಹೊತ್ತಿಗೆ ಒಮ್ಮೆಯೂ ತಪ್ಪುತ್ತಿರಲಿಲ್ಲ. ಪಿನ್ನು ನೆಟ್ಟಗೆ ನಿಂತಾಗ ಡೋರಿಸಳ ಎದೆ ತಟ್ಟಿ, "ಹೋಗಮ್ಮಾ, ಇನ್ನು ರೋಗಿಗಳನ್ನ ನೋಡ್ಕೊ," ಎನ್ನುತ್ತಿದ್ದಳು. ಅಂಥ ಸಂತೋಷದಲ್ಲಿ ಅವಳನ್ನು ನಾನು ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಪಿನ್ನಿನ ಸಂಜೆಯ ಹಿಂದಿನ ದಿನ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಬಸ್ಸಿನಲ್ಲಿ ಮಲಗೆದ್ದ ಕೂದಲು, ಕೈಯಲ್ಲಿ ಚಕ್ರ ಮುರಿದ ಸೂಟ್‌ಕೇಸು. ನಾನು ನೆಡ್ರಾಳಿಗೆ ಊಟದ ತಟ್ಟೆ ಕೊಡಲು ಬಂದು ಅಲ್ಲೇ ನಿಂತಿದ್ದೆ.

"ಎದೆ ಮೇಲೆ 'ಅಮ್ಮ' ಅಂತ ಬರೆದಿರೋ ಅಂಗಿ ಸಿಗತ್ತಂತಲ್ಲ ನಿಮ್ಮಲ್ಲಿ?"

ನೆಡ್ರಾ ತೆಗೆದುಕೊಟ್ಟಳು. ಹೆಂಗಸು ಅದನ್ನು ಮೈಗೆ ಹಿಡಿದು ನೋಡಿಕೊಂಡಳು.

"ನನ್ನ ಮಗಳದ್ದು ನಾಳೆ. ಟ್ರೆಸಾ ಅಂತ. ಪಿನ್ನು ಅಮ್ಮಂದಿರೇ ಹಾಕೋದಂತೆ ಅಲ್ವಾ? ಫೋನಲ್ಲಿ ಕೇಳ್ದೆ, ನಾನೇ ಹಾಕ್ತೀನಿ ತಾನೇ ಅಂತ. ಸುಮ್ನಾದ್ಳು. ಆಮೇಲೆ, ಬಾ ನೋಡೋಣ ಅಂದ್ಳು. ಸಿಟ್ಟಿರತ್ತೆ ಪಾಪ, ಇರಬೇಕಾದ್ದೇ. ಅವಳಿಗೆ ಅಂತ ನಾನು ನಾಲ್ಕು ಜನರ ಕಣ್ಣಿಗೆ ಕಾಣೋ ಕೆಲಸ ಒಂದೂ ಮಾಡಿಲ್ಲ. ಇದೊಂದಾದ್ರೂ..." ಮಾತು ಅಲ್ಲಿಗೇ ನಿಲ್ಲಿಸಿ ಅಂಗಿಯ ತೋಳು ಮಡಚತೊಡಗಿದಳು.

"ನಿಮಗೆ ಸ್ವಲ್ಪ ದೊಡ್ಡದಾಗತ್ತೆ, ಚಿಕ್ಕದು ಕೊಡ್ತೀನಿ," ಎಂದಳು ನೆಡ್ರಾ. ಅಷ್ಟೇ ಹೇಳಿದಳು.

ಮಧ್ಯಾಹ್ನ ಟ್ರೆಸಾ ಬಂದಳು. ಮೇಜಿನ ಹತ್ತಿರ ಬರದೆ ಪುಸ್ತಕದ ಕಪಾಟುಗಳ ನಡುವೆ ಏನನ್ನೋ ಹುಡುಕುವವಳ ಹಾಗೆ ಸುತ್ತಿದಳು. ತಾನಾಗಿ ನೆಡ್ರಾಳಿಗೆ ಬೇಡ ಎನ್ನಲಾರಳು, ತಾಯಿಗೆ ಬೇಡ ಎನ್ನಲೂ ಆಗದು. ಅವಳು ಬಾಯಿ ತೆರೆಯುವ ಮೊದಲೇ ನೆಡ್ರಾ ಕರೆದಳು.

"ಬಾ ಇಲ್ಲಿ, ನಿನ್ನ ಹತ್ರ ಒಂದು ಮಾತು ಹೇಳಕ್ಕೆ ನಾಚ್ಕೆ ಆಗ್ತಿದೆ. ನೋಡು ಈ ಕೈ." ಇಷ್ಟು ದಿನ ಬಚ್ಚಿಟ್ಟ ಕೈಯನ್ನು ಅವಳ ಕಣ್ಣೆದುರು ಎತ್ತಿ ಹಿಡಿದಳು. "ಪಿನ್ನು ಹಿಡಿಯಕ್ಕೇ ಆಗ್ತಿಲ್ಲ. ಕೊನೇ ಗಳಿಗೇಲಿ ಕೈ ಕೊಡ್ತಿದ್ದೀನಿ, ಬೈಕೋಬೇಡ. ನಿಮ್ಮಮ್ಮ ಬಂದಿದಾರಂತಲ್ಲ, ಅವ್ರನ್ನ ಕೇಳು ಮಗಾ."

ಹುಡುಗಿ ಆ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದುಕೊಂಡಳು. ಅವಳು ಅತ್ತದ್ದು ನೆಡ್ರಾಳ ಕಾಯಿಲೆಗೋ, ಎದೆಯ ಭಾರ ಇಳಿದದ್ದಕ್ಕೋ, ನಾನು ಹೇಳಲಾರೆ. ಎರಡೂ ಇದ್ದಿರಬಹುದು.

ಅವಳು ಹೋದ ಮೇಲೆ ನಾನು ಸುಮ್ಮನಿರಲಿಲ್ಲ. "ನಿನ್ನೆ ಡೋರಿಸ್‌ಗೆ ನೂಲು ಹಿಡಿದ ಹಾಗೆ ನೆಟ್ಟಗೆ ಚುಚ್ಚಿದ್ಯಲ್ಲೇ ಮುದುಕಿ!"

"ಡೋರಿಸ್‌ಗೆ ತಾಯಿ ಇಲ್ಲ," ಎಂದಳು ನೆಡ್ರಾ. ಬೊಂಬೆಯಿಂದ ಪಿನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯೊಳಗಿಟ್ಟಳು.

ಸಂಜೆ ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ನೆಡ್ರಾ ಆ ದಿನಕ್ಕೆಂದು ಹೊಲಿಸಿದ್ದ ಹಸಿರು ಉಡುಪನ್ನೇ ತೊಟ್ಟಿದ್ದಳು. ಬೇರೆ ಏನು ತೊಡಬೇಕೆಂದು ಹೊಳೆಯಲಿಲ್ಲವಂತೆ. ಟ್ರೆಸಾಳ ಹೆಸರು ಕರೆದಾಗ ರೋನೆಟ್ ವೇದಿಕೆ ಹತ್ತಿದಳು. ಅವಳ ಕೈಯೂ ನಡುಗುತ್ತಿತ್ತು. ಬಟ್ಟೆಯ ಹಿಂದೆ ಬೆರಳಿಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಪಕ್ಕದಲ್ಲಿ ನೆಡ್ರಾ ಎಡಗೈಯಿಂದ ತನ್ನ ಉಡುಪಿನ ಅಂಚನ್ನು ಬಿಗಿಹಿಡಿದಳು, ಮೆಲ್ಲಗೆ ಉಸಿರು ಬಿಟ್ಟಳು. ಪಿನ್ನು ಕೂತಿತು, ಸೊಟ್ಟಗೆ. ಜನ ಚಪ್ಪಾಳೆ ತಟ್ಟಿದರು, ನೆಡ್ರಾಳೂ ತಟ್ಟಿದಳು.

ಆಮೇಲೆ ಕೇಕು, ಪಾನಕ. ಟ್ರೆಸಾ ಓಡಿ ಬಂದು ನೆಡ್ರಾಳ ಕೈಯಿಂದ ಲೋಟ ತೆಗೆದುಕೊಂಡಳು. "ಕೊಡಿ, ನಾನು ಹಿಡ್ಕೋತೀನಿ, ಚೆಲ್ಲುತ್ತೆ." ನಡುಗುವ ಕೈ ಎಂದು ತಾನೇ ಹೇಳಿದ ಮೇಲೆ ನೆಡ್ರಾ ಅದನ್ನು ನಡುಗಿಸಿಕೊಂಡೇ ಇರಬೇಕಾಯಿತು. ಹುಡುಗಿ ಕುಡಿಸಿದಳು, ಅವಳು ಕುಡಿದಳು. ತಾಯಿ ಮಗಳ ಫೋಟೋ ತೆಗೆಯಲು ನೆಡ್ರಾ ಕೈ ಚಾಚಿದಾಗಲೂ ಟ್ರೆಸಾ, "ನೀವು ಬೇಡ, ಓಪಲ್ ತೆಗೀಲಿ," ಎಂದು ಪ್ರೀತಿಯಿಂದಲೇ ಫೋನನ್ನು ನನಗೆ ಕೊಟ್ಟಳು. ನಾನು ತೆಗೆದೆ. 'ಅಮ್ಮ' ಎಂಬ ಅಂಗಿ, ಸೊಟ್ಟ ಪಿನ್ನು, ಎರಡು ನಗುಮುಖ. ನೆಡ್ರಾಳನ್ನೂ ಫೋಟೋಗೆ ಪಕ್ಕದಲ್ಲಿ ನಿಲ್ಲಲು ಕರೆದರು. ಅವಳು ಎಲ್ಲರ ಚೀಲ ಕಾಯುತ್ತೇನೆಂದು ದೂರವೇ ಉಳಿದಳು.

ಮುಂದೆ ಕೈ ನಿಜವಾಗಿಯೇ ಕೆಟ್ಟಿತು. ಅಂಗಡಿ ಬಿಟ್ಟ ದಿನ ಡೋರಿಸಳ ನೀಲಿ ಅಂಗಿಯನ್ನು ಬಿಚ್ಚಿ ನನಗೆ ಕೊಟ್ಟಳು. ಎಡ ಎದೆಯ ಮೇಲೆಲ್ಲ ತೂತು, ಮಾರುವಂತಿರಲಿಲ್ಲ.

ಟ್ರೆಸಾ ನೆಡ್ರಾಳ ಮಣ್ಣಿಗೆ ಬಂದಿದ್ದಳು, ಆಸ್ಪತ್ರೆಯ ಪಾಳಿಯಿಂದ ನೇರವಾಗಿ. ರೋನೆಟ್ ಕಾರಿನ ಹತ್ತಿರ ಮೊಮ್ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಎಲ್ಲರೂ ಹೊರಟ ಮೇಲೆ ಟ್ರೆಸಾ ನನ್ನ ತೋಳು ಹಿಡಿದು ಕೇಳಿದಳು.

"ಅವತ್ತು ಅವ್ರೇ ಹಾಕ್ಬೇಕಿತ್ತು ಓಪಲ್. ಆಗ್ಲೇ ಅವ್ರ ಕೈ ಅಷ್ಟೊಂದು ಕೆಟ್ಟಿತ್ತಾ?"

ಕಾರಿನ ಹತ್ತಿರ ರೋನೆಟ್ ಮಗುವಿನ ಟೋಪಿ ಸರಿಮಾಡುತ್ತಿದ್ದಳು.

"ಕೆಟ್ಟಿತ್ತು ಮಗಾ," ಎಂದೆ. "ತುಂಬಾ ಕೆಟ್ಟಿತ್ತು."