ಏರಿಯ ಬೆವರು

ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಹರವಿ ಇದೆ. ಹರವಿ ಅಂದರೆ ದೊಡ್ಡ ಹೊಟ್ಟೆಯ ಮಣ್ಣಿನ ಗಡಿಗೆ. ದೇವದುರ್ಗದ ಸಂತೆಯಲ್ಲಿ ಬೆರಳಿಂದ ತಟ್ಟಿ, ಸದ್ದು ಕೇಳಿ, ಕುಂಬಾರನ ಜೊತೆ ಜಗಳವಾಡಿ ನಾನೇ ತಂದದ್ದು. ಮನೆಯಲ್ಲಿ ಫ್ರಿಜ್ ಇದೆ, ಇಲ್ಲವೆಂದಲ್ಲ. ಅದರ ನೀರು ಹಲ್ಲಿಗೆ ಹೊಡೆಯುತ್ತದೆ, ಗಂಟಲಿಗೆ ಇಳಿಯುವುದಿಲ್ಲ. ಹೊರಗೆ ಕಲ್ಲು ಕಾದು ಬಿರಿಯುವ ಬಿಸಿಲಿನಲ್ಲೂ ಹರವಿ ತನ್ನ ಪಾಡಿಗೆ ತಾನು ಮೂಲೆಯಲ್ಲಿ ಕೂತು ಬೆವರುತ್ತಿರುತ್ತದೆ. ಅದು ಬೆವರಿದಷ್ಟೂ ಒಳಗಿನ ನೀರು ತಂಪು. ಬೆವರದ ಹರವಿ ನನಗೆ ಬೇಡ, ಸೋರುವ ಹರವಿ ತಿಪ್ಪೆಗೆ. ಬೆವರುವುದಕ್ಕೂ ಸೋರುವುದಕ್ಕೂ ಇರುವ ಅಂತರವನ್ನು ಅಂಗೈ ಇಟ್ಟು ತಿಳಿಯಬಹುದು ಅಂದುಕೊಂಡಿದ್ದೆ. ಅಂಗೈ ಸಾಲದು ಎಂದು ಕಲಿಸಿದ್ದು ನಮ್ಮೂರ ಕೆರೆ.

ಸುಟ್ಟ ಮಣ್ಣು ನೀರು ಹಿಡಿಯುವುದು ದೊಡ್ಡ ಮಾತಲ್ಲ. ಬೆಂಕಿಯಲ್ಲಿ ಬೆಂದು ಬಂದದ್ದು, ಹಿಡಿಯಲೇಬೇಕು. ಆದರೆ ಕೆರೆಯ ಏರಿ ಹಸಿಮಣ್ಣಿನದು. ಹೊಲದ ಒಂದು ಹೆಂಟೆಯನ್ನು ನೀರಿಗೆ ಹಾಕಿ ನೋಡಿ, ನೀವು ಆಡುತ್ತಿದ್ದ ಮಾತು ಮುಗಿಯುವುದರೊಳಗೆ ಕರಗಿರುತ್ತದೆ. ಅಂಥ ಕರಗುವ ಮಣ್ಣನ್ನೇ ಒಂದರ ಮೇಲೊಂದು ಹೇರಿ, ದನಗಳಿಂದ ತುಳಿಸಿ, ನೀರಿನ ಕಡೆಗೆ ಕಲ್ಲು ಹೊದಿಸಿ, ಹೆಸರು ಕೂಡ ಹೇಳಿಹೋಗದ ಯಾರೋ ಹಿಂದಿನವರು ಇಷ್ಟು ದೊಡ್ಡ ನೀರನ್ನು ನಿಲ್ಲಿಸಿಬಿಟ್ಟಿದ್ದಾರೆ. ಏರಿಯ ಮೇಲೆ ನಿಂತರೆ ಎಡಗಡೆ ಕೆರೆ ಕಾಲಿನ ಹತ್ತಿರ, ಬಲಗಡೆ ಭತ್ತದ ಗದ್ದೆ ಆಳದಲ್ಲಿ. ನೀರು ಮೇಲೆ, ಊಟ ಕೆಳಗೆ, ನಡುವೆ ಬರೀ ಮಣ್ಣು. ನಾನು ದೇವರ ಮುಂದೆ ಬಹಳ ಹೊತ್ತು ನಿಲ್ಲುವವಳಲ್ಲ. ಅಲ್ಲಿ ಮಾತ್ರ ನಿಲ್ಲುತ್ತೇನೆ.

ಏರಿಯ ಬುಡಕ್ಕೇ ನನ್ನ ಮಗಳು ದ್ಯಾವಮ್ಮನ ಮನೆ. ಅವಳನ್ನು ಇದೇ ಊರಲ್ಲಿ ಕೊಟ್ಟಿದ್ದೇವೆ. ಅವಳ ಹಿತ್ತಲಲ್ಲಿ ಏರಿಯ ನೀರು ಸದಾ ಒಂದಿಷ್ಟು ಜಿನುಗುತ್ತದೆ. ಮುಸುರೆ ತಿಕ್ಕುವುದು ಅಲ್ಲಿಯೇ. ಅದರ ನೇರ ಮೇಲೆ, ಏರಿಯ ಇಳಿಜಾರಿನಲ್ಲಿ, ನನಗಿಂತ ಎತ್ತರದ ಒಂದು ಹುತ್ತ ಇತ್ತು. ನಮ್ಮ ಅತ್ತೆಯ ಕಾಲದಿಂದ ಪಂಚಮಿಯ ಹಾಲು ಆ ಹುತ್ತಕ್ಕೇ.

ಮಳೆಗಾಲದ ಮೊದಲು ಏರಿ ನೋಡಲು ರಾಯಚೂರಿನಿಂದ ಯಾರಾದರೂ ಬರುತ್ತಾರೆ. ಹೋದ ವರ್ಷ ಬಂದವಳು ಒಬ್ಬ ಇಂಜಿನಿಯರ್ ಹುಡುಗಿ, ಮಾನ್ವಿಯ ಮೇಷ್ಟರ ಮಗಳಂತೆ. ಬಿಸಿಲಲ್ಲಿ ಏರಿಯ ಉದ್ದಕ್ಕೂ ನಡೆದಳು. ಮುಳ್ಳುಜಾಲಿ ಕಡಿಸಿ ಎಂದಳು, ಗಂಡಸರು ಹೂಂ ಅಂದರು. ಹುತ್ತದ ಮುಂದೆ ಬಂದು ನಿಂತಾಗ ಊರಿಗೆ ಊರೇ ಅವಳ ಹಿಂದೆ ನಿಂತಿತ್ತು.

"ಇದನ್ನ ಅಗದು ತೆಗೀಬೇಕ್ರೀ. ಗೆದ್ದಲ ಒಳಗ ಹಾದಿ ಮಾಡಿರ್ತಾವ. ಕೆರಿ ತುಂಬಿದ್ರ ನೀರು ಅದ ಹಾದಿ ಹಿಡೀತದ."

ಪಂಚಮಿಯ ಪೂಜೆಗೆ ಮುಂದೆ ನಿಲ್ಲುವವಳು ಮೇಲಿನ ಓಣಿಯ ಹುಲಿಗೆಮ್ಮ. ಅವಳು ಸೆರಗು ಸಿಕ್ಕಿಸಿಕೊಂಡಳು. "ನಾಗಪ್ಪನ ಮನಿ ಕೆಡವಾಕ ಬಂದೀಯೇನವ್ವಾ? ನಿಮ್ಮ ಮಾನ್ವ್ಯಾಗ ಹಾವ ಇಲ್ಲೇನು?"

"ಅದಾವ್ರೀ. ಏರಿ ಮ್ಯಾಲಿಲ್ಲ."

ನನಗೆ ನಗು ಬಂತು. ಹುಲಿಗೆಮ್ಮನಿಗೆ ಬರಲಿಲ್ಲ. ಪಂಚಮಿ ಮುಗಿಯಲಿ, ಆಮೇಲೆ ನೋಡೋಣ ಎಂದು ಹಿರಿಯರು ಮಾತು ಮುಗಿಸಿದರು. ಆ ಹುಡುಗಿ ಅಷ್ಟಕ್ಕೆ ಜೀಪು ಹತ್ತಲಿಲ್ಲ. ದ್ಯಾವಮ್ಮನ ಹಿತ್ತಲಿಗೆ ಇಳಿದು, ಒಂದು ಗಾಜಿನ ಲೋಟ ಕೇಳಿ, ಜಿನುಗುವ ನೀರು ಹಿಡಿದು ಬಿಸಿಲಿಗೆ ಎತ್ತಿ ನೋಡಿದಳು.

"ತಿಳಿ ಅದ. ಮಣ್ಣಿನ ಏರಿ ಜಿನಗೂದು ತಪ್ಪಲ್ರೀ, ತಿಳಿ ಇರೂ ತನಕ ಅಂಜಬ್ಯಾಡ್ರಿ. ದಿನಾ ಹಿಂಗ ಹಿಡದು ನೋಡ್ರಿ. ಬಣ್ಣ ತಿರಗತೋ, ನನಗ ಫೋನ್ ಹಚ್ರಿ. ನಾಳಿ ಅನ್ನಬ್ಯಾಡ್ರಿ."

ಇಷ್ಟೇನಾ ಅನ್ನಿಸಿತು ನನಗೆ. ಏರಿ ಕಾಯುವುದೆಂದರೆ ಯಂತ್ರ, ತಂತಿ, ಇನ್ನೇನೋ ಇರಬೇಕು ಎಂದುಕೊಂಡಿದ್ದೆ. ಒಂದು ಲೋಟ! ದ್ಯಾವಮ್ಮ ಮಾತ್ರ ಆ ಲೋಟವನ್ನು ಹಿತ್ತಲ ಗೂಡಿನಲ್ಲಿಟ್ಟು, ದಿನಾ ಹಲ್ಲುಜ್ಜುವಾಗ ನೀರು ಹಿಡಿದು ನೋಡತೊಡಗಿದಳು.

ಶ್ರಾವಣದಲ್ಲಿ ಮಳೆ ಬಿಡದೆ ಹಿಡಿಯಿತು. ಕೆರೆ ದಿನದಿನಕ್ಕೂ ಏರಿಯ ಕಲ್ಲು ನುಂಗುತ್ತ ಬಂತು. ಪಂಚಮಿಯ ಬೆಳಿಗ್ಗೆ ಮಳೆ ಬಿಟ್ಟಾಗ ಎಲ್ಲ ಮನೆಗಳ ಹೆಂಗಸರು ಹಾಲಿನ ತಂಬಿಗೆ ಹಿಡಿದು ಹುತ್ತದ ಸುತ್ತ ಸೇರಿದೆವು. ಹಾವು ಹಾಲು ಕುಡಿಯುವುದಿಲ್ಲ, ಕರು ಕುಡಿಯುತ್ತದೆ. ಅದು ನನಗೆ ಗೊತ್ತು. ಆದರೆ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಎರೆಯುವಾಗ, ಕೊಟ್ಟ ಮನೆಯಲ್ಲಿ ವರ್ಷವೆಲ್ಲ ಬಾಯಿಗೆ ಬಾರದ ತವರಿನವರು ಆ ಒಂದು ಗಳಿಗೆ ನಾಲಿಗೆಯ ಮೇಲೆ ಬಂದು ಹೋಗುತ್ತಾರೆ. ಅದಕ್ಕೇ ನಾನೂ ಎರೆಯುತ್ತೇನೆ. ಹುತ್ತದ ಬಾಯಿ ಅಷ್ಟೂ ಹಾಲನ್ನು ಗುಟುಕರಿಸದೆ ಕುಡಿಯಿತು.

ಮಾತಾಡುತ್ತ ನಿಂತಿದ್ದೆವು. ತಂಬಿಗೆ ತೊಳೆಯಲು ಮೊದಲೇ ಇಳಿದಿದ್ದ ದ್ಯಾವಮ್ಮ ಕೆಳಗಿನಿಂದ ಕೂಗಿದಳು. "ಯವ್ವಾ, ಲಗೂನ ಬಾ! ನೀರು ಬೆಳ್ಳಗಾಗ್ಯಾವ!"

ಇಳಿದು ಹೋದೆವು. ಹಿತ್ತಲಲ್ಲಿ ಜಿನುಗುತ್ತಿದ್ದ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ಬರುತ್ತಿತ್ತು. ಹುಲಿಗೆಮ್ಮ ಅಲ್ಲಿಯೇ ಕುಸಿದು ಕೈಮುಗಿದಳು. "ನಾಗಪ್ಪ ಪ್ರಸಾದ ಕೊಟ್ಟಾನ, ಹಿಡಕೋರಿ!" ಹೆಂಗಸರು ಬೊಗಸೆಯಲ್ಲಿ ಹಿಡಿದರು, ಕಣ್ಣಿಗೆ ಒತ್ತಿಕೊಂಡರು, ಕೆಲವರು ಕುಡಿದೂ ಬಿಟ್ಟರು. ಅವರಿಗೆ ಕಂಡದ್ದು ಹಾಲು, ನನಗೆ ಕಂಡದ್ದು ಹಾಲು ನಡೆದು ಬಂದ ಹಾದಿ. ಮೇಲೆ ಎರೆದದ್ದು ನಾವು ಇಳಿದು ಬರುವ ಮೊದಲೇ ಮಗಳ ಹಿತ್ತಲಿಗೆ ಬಂದು ಮುಟ್ಟಿದೆ ಅಂದರೆ ಇಡೀ ಕೆರೆಗೆ ದಾರಿ ತೋರಿಸಲು ಯಾರು ಬೇಕು?

"ಪ್ರಸಾದ ಅಲ್ಲಬೇ ಇದು, ಬ್ಯಾನಿ!" ಎಂದು ಒದರಿದೆ. "ಏರಿಗೆ ಬ್ಯಾನಿ ಹತ್ತ್ಯದ."

"ಪಂಚಮಿ ದಿನಾ ಬಾಯಿಲೆ ಒಳ್ಳೇದು ಬರಂಗಿಲ್ಲೇನು ನಿನಗ?" ಎಂದಳು ಹುಲಿಗೆಮ್ಮ.

"ನಿನ್ನ ಮನಿ ಮ್ಯಾಲಿನ ಓಣ್ಯಾಗ ಅದ, ಪ್ರಸಾದ ಕಾಣ್ತದ. ನನ್ನ ಮಗಳ ಮನಿ ಇಲ್ಲೇ ಅದ, ನೋಡು!"

ದ್ಯಾವಮ್ಮ ಆಗಲೇ ಫೋನು ಹಚ್ಚಿದ್ದಳು. ಆ ಕಡೆಯಿಂದ ಹುಡುಗಿ ನಾಗಪ್ಪನ ವಿಚಾರ ಎತ್ತಲೇ ಇಲ್ಲ. "ಬಿಳಿ ಹಿಂದ ಕೆಂಪು ಬರಾಕತ್ತದೇನು, ಲೋಟದಾಗ ಹಿಡದು ನೋಡ್ರಿ" ಅಂದಳು. ದ್ಯಾವಮ್ಮ ಲೋಟ ಎತ್ತಿ ಹಿಡಿದಳು. ಬಿಳಿ ತೆಳುವಾಗುತ್ತಿತ್ತು. ತಳದಲ್ಲಿ ಏರಿಯ ಕೆಂಪು ಮಣ್ಣು ಸಣ್ಣಗೆ ಕೂತಿತ್ತು. ಹುಲಿಗೆಮ್ಮನೂ ಬಗ್ಗಿ ನೋಡಿದಳು. ಬೊಗಸೆಯ ನೀರು ಚೆಲ್ಲಿ ಕೈ ಒರೆಸಿಕೊಂಡಳು.

ಹುಡುಗಿ ಹೇಳಿದಂತೆ ಗಂಡಸರು ತೂಬಿನ ಬಾಯಿ ತೆರೆದು ಕೆರೆಯ ನೀರು ಇಳಿಯಬಿಟ್ಟರು. ಕೂಡಿದ ನೀರನ್ನು ಕೈಯಾರೆ ಬಿಡುವಾಗ ಅವರ ಮುಖ ನೋಡಲಾಗಲಿಲ್ಲ. ದ್ಯಾವಮ್ಮ ಎಮ್ಮೆ, ಜೋಳದ ಚೀಲ, ಹಾಸಿಗೆ ಎಲ್ಲ ನಮ್ಮ ಮನೆಗೆ ಸಾಗಿಸಿದಳು. ಸಿರವಾರದ ರಸ್ತೆಯಲ್ಲಿ ಹುಡುಗಿಯ ಜೀಪು ಬಂದಾಗ ಗುದ್ದಲಿಗಳು ಸಿದ್ಧವಿದ್ದವು. ಆದರೆ ಮೊದಲ ಪೆಟ್ಟು ಹಾಕಲು ಒಬ್ಬನೂ ಮುಂದೆ ಬರಲಿಲ್ಲ.

ಹುಲಿಗೆಮ್ಮ ಹುಡುಗಿಯನ್ನು ಕೇಳಿದಳು. "ನಾಗಪ್ಪನ್ನ ಎಲ್ಲಿಗೆ ಕಳಸ್ತೀಯವ್ವಾ?"

"ನೀವ ಹೇಳ್ರಿ. ಏರಿ ಬಿಟ್ಟು ಎಲ್ಲ್ಯಾದ್ರೂ."

ಹುಲಿಗೆಮ್ಮ ಹುತ್ತದ ತುದಿಯಿಂದ ಒಂದು ಹೆಂಟೆ ಮುರಿದು ಉಡಿಗೆ ಹಾಕಿಕೊಂಡಳು. "ನಡಿ ನನ್ನಪ್ಪಾ" ಎಂದು, ಕೋಡಿ ದಾಟಿ, ದೂರದ ಬೇವಿನ ಗಿಡದ ಬುಡಕ್ಕೆ ಅದನ್ನು ಇಳಿಸಿ ಬಂದಳು. ಆಗ ಗುದ್ದಲಿ ಎದ್ದವು.

ಒಳಗಿದ್ದದ್ದನ್ನು ಹೇಗೆ ಹೇಳಲಿ? ಹಾವು ಇರಲಿಲ್ಲ. ಅರಮನೆ ಇತ್ತು. ಅಂಗೈ ಹಿಡಿಯುವ ಕಮಾನುಗಳು, ಒಂದರೊಳಗೊಂದು ಕೋಣೆ, ಜೇನುಗೂಡಿನಂಥ ಬಿಳಿಯ ಉಗ್ರಾಣ, ಗೋಡೆಯೋ ಗಾರೆ ಸವರಿ ಗಿಲಾಯಿ ಮಾಡಿದಂತೆ ನುಣುಪು. ಕಣ್ಣಿಲ್ಲದ ಹುಳ, ಎಂಜಲು ಮತ್ತು ಮಣ್ಣು ಕಲಸಿ ಕಟ್ಟಿದ್ದು. ಕೆರೆಯ ಕಡೆಗೆ ಹೋಗಿದ್ದ ಒಂದು ಕಿಂಡಿಯಲ್ಲಿ ಹುಡುಗಿ ಭುಜದವರೆಗೆ ತೋಳು ತೂರಿಸಿದಳು. ಹೊರತೆಗೆದಾಗ ಬೆರಳ ತುದಿ ಒದ್ದೆ. ಅವಳು ಆ ಕೈಯನ್ನು ನಮಗೆಲ್ಲ ತೋರಿಸಿದಳು. ಮಣ್ಣಿನಿಂದ ನೀರು ನಿಲ್ಲಿಸಿದವರೂ ಅದೇ ಮಣ್ಣಲ್ಲಿ ಸಂಸಾರ ಹೂಡಿದವರೂ ಇಷ್ಟು ವರ್ಷ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬದುಕಿದ್ದರು, ನಮ್ಮ ಮಕ್ಕಳು ಕೆಳಗೆ ಮಲಗಿದ್ದರು. ಯಾರನ್ನು ಬೈಯಲಿ? ಬೈಯುವುದರಲ್ಲಿ ನಾನು ಹಿಂದೆ ಬಿದ್ದವಳಲ್ಲ, ಅವತ್ತು ಮಾತ್ರ ಮಣ್ಣಿನ ಬುಟ್ಟಿಗೆ ಕೈ ಹಾಕಿದೆ.

ಗೆದ್ದಲ ಹಾದಿಗಳ ಕೊನೆ ಸಿಗುವವರೆಗೆ ಅಗೆಸಿ, ಅಂಟುವ ಜಿಗಿ ಮಣ್ಣು ತರಿಸಿ, ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಗುದ್ದಿಸಿ, ಮತ್ತೆ ಹರಡಿಸಿದಳು ಆ ಹುಡುಗಿ. ತುಳಿಯಲು ನಾವೂ ಇಳಿದೆವು, ಹುಲಿಗೆಮ್ಮನೂ. "ನಿನ್ನ ಕಾಲು ಗಟ್ಟ್ಯದಾವ, ಬಾಯಿಯಂಗ" ಎಂದಳು ನನಗೆ. ಕೆಲಸ ಮುಗಿದು ಜಿನುಗು ತಿಳಿಯಾದ ಮೇಲೆಯೇ ದ್ಯಾವಮ್ಮ ಎಮ್ಮೆ ಹೊಡೆದುಕೊಂಡು ತನ್ನ ಮನೆಗೆ ಹೋದದ್ದು. ಹಿಂಗಾರಿನಲ್ಲಿ ಕೆರೆ ಮತ್ತೆ ತುಂಬಿ ಕೋಡಿ ಹರಿಯಿತು. ಅವತ್ತು ಏರಿಯ ಕೆಳಮೈಗೆ ಅಂಗೈ ಇಟ್ಟೆ. ತಂಪಾಗಿತ್ತು. ಬೆವರುತ್ತಿತ್ತು. ಅಷ್ಟು ನೀರಿನ ಭಾರ ಬೆನ್ನಿಗೆ ಹೊತ್ತು ಬರೀ ಬೆವರುತ್ತಿತ್ತು!

ಈ ವರ್ಷ ಪಂಚಮಿಯ ಹಾಲು ಬೇವಿನ ಬುಡಕ್ಕೆ. ದ್ಯಾವಮ್ಮನ ಲೋಟ ಗೂಡಿನಲ್ಲಿ ಹಾಗೆಯೇ ಇದೆ. ನನಗೂ ಒಂದು ಚಟ ಹತ್ತಿದೆ: ಹರವಿಯ ನೀರನ್ನು ಸ್ಟೀಲಿನ ಲೋಟದಲ್ಲಿ ಕುಡಿಯುವುದು ಬಿಟ್ಟು ಗಾಜಿನದು ತರಿಸಿದ್ದೇನೆ.

"ಅತ್ತಿ, ಹರವ್ಯಾಗ ಹುತ್ತ ಬೆಳದದೇನು, ದಿನಾ ಬೆಳಕಿಗೆ ಹಿಡದು ನೋಡ್ತೀರಿ?" ಎಂದು ಸೊಸೆ ನಗುತ್ತಾಳೆ.

ನಗಲಿ. ಕಿಟಕಿಯ ಬಿಸಿಲು ನೀರಿನಲ್ಲಿ ಹಾದು, ಆಚೆ ನನ್ನ ಬೆರಳ ಗೆರೆಗಳು ಸ್ಪಷ್ಟವಾಗಿ ಕಾಣುವವರೆಗೆ ನೋಡುತ್ತೇನೆ. ಆಮೇಲೆ ಕುಡಿಯುತ್ತೇನೆ.